ಸೇವ್ ಮಾಡುವಾಗ ಟೆಂಪ್ ಫೈಲ್‌ಗೆ ಏನು ಹೆಸರಿಡಬೇಕು? ಲಿನಕ್ಸ್‌ನಲ್ಲಿ ಸರಿ, ಪೆನ್‌ಡ್ರೈವ್‌ನಲ್ಲಿ ಎರರ್

ಚಾಮರಾಜಪೇಟೆ_ಪ್ರೂಫ್

ಕನ್ನಡ ಕರಡು ತಿದ್ದುವ ಎಡಿಟರ್, ಪೈಥಾನ್‌ನಲ್ಲಿ ಬರೆದದ್ದು. ಸೇವ್ ಒತ್ತಿದರೆ ಮೊದಲು ಒಂದು ಟೆಂಪ್ (ತಾತ್ಕಾಲಿಕ) ಫೈಲ್ ಬರೆದು, ಆಮೇಲೆ ಅದನ್ನೇ ಮೂಲ ಹೆಸರಿಗೆ ರೀನೇಮ್ ಮಾಡುತ್ತದೆ. ಟೆಂಪ್ ಹೆಸರು ಅಂದರೆ ಮೂಲ ಹೆಸರು, ಅದರ ಬಾಲಕ್ಕೆ .ಟಿಎಂಪಿ, ಒಂದು ಅಡ್ಡಗೆರೆ, ಆಮೇಲೆ 2025-11-01ಟಿ10:30:15 ಥರದ ದಿನಾಂಕ-ಸಮಯ. ಕೋಡ್‌ನಲ್ಲಿ ಬಾಲವೆಲ್ಲ ಇಂಗ್ಲಿಷ್ ಅಕ್ಷರ, ಒಟ್ಟು 24.

ಉದಾಹರಣೆಗೆ ಮೂಲ ಫೈಲ್: ಕರ್ನಾಟಕ_ರಾಜ್ಯೋತ್ಸವ_ಸ್ಮರಣ_ಸಂಚಿಕೆ_ಅಂತಿಮ_ಕರಡು.ಒಡಿಟಿ

ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಇರುವ ಡಿಸ್ಕ್‌ನಲ್ಲಿ ತೊಂದರೆಯಿಲ್ಲ. ಪ್ರೆಸ್‌ಗೆ ಒಯ್ಯುವ ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’. ನೆಟ್‌ವರ್ಕ್‌ನಲ್ಲಿ ಎನ್‌ಎಫ್‌ಎಸ್ ಮೂಲಕ ಬರುವ ನಾಸ್ (ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ) ಒಳಗಿನ ಎನ್‌ಕ್ರಿಪ್ಟೆಡ್ ಫೋಲ್ಡರ್‌ನಲ್ಲಿ ‘ಫೈಲ್ ನೇಮ್ ಟೂ ಲಾಂಗ್’. ವಿಂಡೋಸ್‌ನಲ್ಲಿ ಎರರ್ 123. ಒಂದೇ ಕೋಡ್, ಮೂರು ಕಡೆ ಮೂರು ಥರ. ಹೆಸರಿನ ಮಾದರಿ ಬದಲಾಯಿಸಿದರೆ ಸಾಕಾ, ಸೇವ್ ಮಾಡುವ ಕ್ರಮವನ್ನೇ ಬದಲಾಯಿಸಬೇಕಾ?

ಯಶವಂತಪುರ_ಯುನಿಕ್ಸ್

ಎರಡೂ ಬದಲಾಗಬೇಕು. ಮೊದಲು ಹೆಸರು ನೋಡೋಣ.

ಪೆನ್‌ಡ್ರೈವ್ ಮತ್ತು ವಿಂಡೋಸ್ ಎರಡರಲ್ಲೂ ಕಳ್ಳ ಒಬ್ಬನೇ, ಸಮಯದೊಳಗಿನ ಕೋಲನ್. ಲಿನಕ್ಸ್‌ನ ಸ್ವಂತ ಫೈಲ್‌ಸಿಸ್ಟಮ್‌ಗಳಲ್ಲಿ ಹೆಸರೊಳಗೆ ಬರಬಾರದ್ದು ಎರಡೇ: ‘/’ ಮತ್ತು ಸೊನ್ನೆ ಬೈಟ್. ವಿಂಡೋಸ್ ಕಡೆ < > : " / \ | ? * ಇಷ್ಟೂ ನಿಷಿದ್ಧ, 1ರಿಂದ 31ರವರೆಗಿನ ಕಂಟ್ರೋಲ್ ಅಕ್ಷರಗಳೂ ನಿಷಿದ್ಧ. ಫ್ಯಾಟ್ ಡಿಸ್ಕ್‌ಗಳನ್ನು ನಡೆಸುವ ಲಿನಕ್ಸ್‌ನ ವಿಫ್ಯಾಟ್ ಡ್ರೈವರ್ ಕೂಡ ಈ ಪಟ್ಟಿಯನ್ನು ಪಾಲಿಸುತ್ತದೆ, ಅದಕ್ಕೇ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್.

ಎರರ್ ಬಂದದ್ದು ನಿಮ್ಮ ಪುಣ್ಯ ಅಂದುಕೊಳ್ಳಿ. ವಿಂಡೋಸ್‌ನ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್‌ನಲ್ಲಿ ಕೋಲನ್ ಅಂದರೆ ಆಲ್ಟರ್ನೇಟ್ ಡೇಟಾ ಸ್ಟ್ರೀಮ್‌ನ (ಒಂದೇ ಫೈಲ್‌ಗೆ ಅಂಟಿದ ಇನ್ನೊಂದು ಡೇಟಾ ಭಾಗ) ಗುರುತು: ಫೈಲ್ ಹೆಸರು, ಕೋಲನ್, ಸ್ಟ್ರೀಮ್ ಹೆಸರು, ಇನ್ನೊಂದು ಕೋಲನ್, ಸ್ಟ್ರೀಮ್‌ನ ಬಗೆ. ನಿಮ್ಮ ಹೆಸರಲ್ಲಿ ಎರಡು ಕೋಲನ್ ಇತ್ತು, ‘15’ ಅನ್ನುವ ಬಗೆ ಇಲ್ಲ, ಹಾಗಾಗಿ ಎರರ್ 123. ಸೆಕೆಂಡ್ ಬಿಟ್ಟು ಬರೀ 10:30 ಅಂತ ಹಾಕಿದ್ದರೆ ಎರರ್ ಬರುತ್ತಿರಲಿಲ್ಲ. ‘10’ಕ್ಕೆ ಮುಗಿಯುವ ಹೆಸರಿನ ಒಂದು ಫೈಲ್ ಹುಟ್ಟಿ, ಎಕ್ಸ್‌ಪ್ಲೋರರ್‌ನಲ್ಲಿ ಸೊನ್ನೆ ಬೈಟ್ ತೋರಿಸಿ, ಬರೆದದ್ದೆಲ್ಲ ‘30’ ಅನ್ನುವ ಕಾಣದ ಸ್ಟ್ರೀಮ್‌ನೊಳಗೆ ಕೂತಿರುತ್ತಿತ್ತು. ಅದನ್ನು ಫ್ಯಾಟ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಸ್ಟ್ರೀಮ್ ಬರುವುದೇ ಇಲ್ಲ.

ಬಸವನಗುಡಿ_ಬೈಟ್

ನಾಸ್‌ನ ಎರರ್‌ಗೆ ಉದ್ದ ಕಾರಣ. ಸ್ವಲ್ಪ ಲೆಕ್ಕ ಹಾಕೋಣ, ಕನ್ನಡದ ಹೆಸರುಗಳಿಗೆ ಇದು ಇಂಗ್ಲಿಷ್‌ನವರಿಗಿಂತ ಬೇಗ ತಗಲುತ್ತದೆ.

ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರಕ್ಕೂ ಒಂದು ಹೆಸರಿಗೆ 255 ಬೈಟ್ ಮಿತಿ. ಬೈಟ್, ಅಕ್ಷರ ಅಲ್ಲ. ಯುನಿಕೋಡ್ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ (ಯುನಿಕೋಡ್‌ನ ಒಂದೊಂದು ಬಿಡಿ ಚಿಹ್ನೆ) 3 ಬೈಟ್, ಹಾಗಾಗಿ ಗರಿಷ್ಠ 85 ಕೋಡ್ ಪಾಯಿಂಟ್. ನಾವು ‘ಒಂದು ಅಕ್ಷರ’ ಅನ್ನುವುದು ಒಂದು ಕೋಡ್ ಪಾಯಿಂಟ್ ಅಲ್ಲವಲ್ಲ. ‘ಸ್ತ್ರೀ’ ಬಿಡಿಸಿದರೆ ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. 6 ಕೋಡ್ ಪಾಯಿಂಟ್, 18 ಬೈಟ್. ಇಂಥ 14 ಅಕ್ಷರಕ್ಕೆ 255 ಮುಗಿಯಿತು.

ಈಗ ನಿಮ್ಮ ಹೆಸರು. ಕರ್ನಾಟಕ 7, ರಾಜ್ಯೋತ್ಸವ 10, ಸ್ಮರಣ 5, ಸಂಚಿಕೆ 6, ಅಂತಿಮ 5, ಕರಡು 4. ಒಟ್ಟು 37 ಕೋಡ್ ಪಾಯಿಂಟ್, 111 ಬೈಟ್. ನಡುವಿನ ಅಂಡರ್‌ಸ್ಕೋರ್ 5, ಎಕ್ಸ್‌ಟೆನ್ಶನ್ ಚುಕ್ಕಿ ಸೇರಿ 4. ಮೊತ್ತ 120. ನಿಮ್ಮ 24ರ ಬಾಲ ಸೇರಿದರೆ 144.

ನಾಸ್‌ನ ಎನ್‌ಕ್ರಿಪ್ಟೆಡ್ ಫೋಲ್ಡರ್ ಇಕ್ರಿಪ್ಟ್‌ಎಫ್‌ಎಸ್ ಅನ್ನುವ ಎನ್‌ಕ್ರಿಪ್ಶನ್ ಪದರದ ಮೇಲೆ ನಿಂತಿದ್ದರೆ ಅಲ್ಲಿನ ಮಿತಿ 143 ಬೈಟ್. ಹೆಸರನ್ನೂ ಎನ್‌ಕ್ರಿಪ್ಟ್ ಮಾಡಿದಾಗ ಅದು ಹಿಗ್ಗುತ್ತದೆ, ಕೆಳಗಿನ ಫೈಲ್‌ಸಿಸ್ಟಮ್‌ನ 255ರೊಳಗೆ ಕೂರಬೇಕಾದ್ದರಿಂದ ಮೇಲೆ ಕಡಿಮೆ ಉಳಿಯುತ್ತದೆ. ಮೂಲ ಫೈಲ್ 120, ಒಳಗೆ ಬಂತು. ಟೆಂಪ್ 144, ಒಂದೇ ಒಂದು ಬೈಟ್‌ನಿಂದ ಹೊರಗೆ ಬಿತ್ತು. ‘ಫೈಲ್ ಅಲ್ಲೇ ಇದೆ, ತೆರೆಯುತ್ತೆ, ಸೇವ್ ಮಾತ್ರ ಆಗಲ್ಲ’ ಅನ್ನುವ ದೂರುಗಳಲ್ಲಿ ಬಹಳಷ್ಟರ ಹಿಂದೆ ಇದೇ ಇರುತ್ತದೆ.

ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಫ್ಯಾಟ್‌ನ ಉದ್ದ ಹೆಸರು ಇವುಗಳ ಮಿತಿ 255 ಯುಟಿಎಫ್-16 ಘಟಕ, ಕನ್ನಡದ ಕೋಡ್ ಪಾಯಿಂಟ್‌ಗೆ ಒಂದೊಂದು. ಅಂದರೆ ವಿಂಡೋಸ್‌ನಲ್ಲಿ 100 ಕೋಡ್ ಪಾಯಿಂಟ್‌ನ ಕನ್ನಡ ಹೆಸರು ಆರಾಮಾಗಿ ಹುಟ್ಟುತ್ತದೆ. ಇಎಕ್ಸ್‌ಟಿ4ಗೆ ಕಾಪಿ ಮಾಡಿದರೆ 300 ಬೈಟ್ ಆಗಿ ಬಾಗಿಲಲ್ಲೇ ನಿಲ್ಲುತ್ತದೆ.

ಚಾಮರಾಜಪೇಟೆ_ಪ್ರೂಫ್

ಹಾಗಾದರೆ ಮೂಲ ಹೆಸರನ್ನು ಸ್ವಲ್ಪ ಕತ್ತರಿಸಿ, ಆಮೇಲೆ ಬಾಲ ಹಚ್ಚಬಹುದಾ? ಫೈಲ್ ನಕಲಿಸುವ ಆರ್‌ಸಿಂಕ್ ಹಾಗೇ ಮಾಡುತ್ತದೆ ಅಲ್ವಾ?

ಬಸವನಗುಡಿ_ಬೈಟ್

ಮಾಡುತ್ತದೆ. ಮುಂದೆ ಚುಕ್ಕಿ, ಮೂಲ ಹೆಸರು, ಇನ್ನೊಂದು ಚುಕ್ಕಿ, ಆರು ಯಾದೃಚ್ಛಿಕ ಅಕ್ಷರ. ಉದ್ದ ಮೀರಿದರೆ ಮೂಲ ಹೆಸರನ್ನು ಮೊಟಕು ಮಾಡುತ್ತದೆ. ನೀವು ಮಾಡಬೇಡಿ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಒಂದು ಕೋಡ್ ಪಾಯಿಂಟ್‌ನ ನಡುವೆಯೇ ಕತ್ತರಿ ಬಿದ್ದು ಯುಟಿಎಫ್-8 ಕೆಡುತ್ತದೆ. ಇಎಕ್ಸ್‌ಟಿ4 ಅದನ್ನೂ ನುಂಗಿಕೊಳ್ಳುತ್ತದೆ, ವಿಫ್ಯಾಟ್ ನುಂಗುವುದಿಲ್ಲ. ಕೋಡ್ ಪಾಯಿಂಟ್ ಲೆಕ್ಕದಲ್ಲಿ ಕತ್ತರಿಸಿದರೆ ಒತ್ತಕ್ಷರ ಮುರಿದು ಹೆಸರು ಹಲಂತಕ್ಕೆ ನಿಲ್ಲುತ್ತದೆ.

ಇದರ ತಮಾಷೆ ನೋಡಬೇಕಾದರೆ ವರ್ಡ್‌ನಲ್ಲಿ ‘ಕರ್ನಾಟಕ ವರದಿ’ ಅನ್ನುವ ಫೈಲ್ ತೆರೆದು, ಅಡಗಿದ ಫೈಲ್‌ಗಳನ್ನು ತೋರಿಸಲು ಹೇಳಿ. ಉದ್ದ ಹೆಸರುಗಳಲ್ಲಿ ಮೊದಲ ಎರಡು ಅಕ್ಷರ ತೆಗೆದು ಆ ಜಾಗಕ್ಕೆ ~$ ಹಾಕುವುದು ವರ್ಡ್‌ನ ಪದ್ಧತಿ. ಕ, ರ ಹೋದವು, ಉಳಿದದ್ದು ~$್ನಾಟಕ ವರದಿ. ಆಸರೆಯಿಲ್ಲದ ಹಲಂತ ಚುಕ್ಕಿವೃತ್ತ ಹೊತ್ತು ನಿಂತಿರುತ್ತದೆ.

ಕೋರಮಂಗಲ_ಕಂಟೇನರ್

ಇಷ್ಟೆಲ್ಲ ಯಾಕೆ ಗುರು? ಟೆಂಪ್ ಫೈಲ್‌ನ ಸಿಸ್ಟಮ್‌ನ ತಾತ್ಕಾಲಿಕ ಫೋಲ್ಡರ್ /ಟಿಎಂಪಿಯಲ್ಲಿ ಬರೀರಿ, ಅಲ್ಲಿ ಯಾವ ಹೆಸರಾದ್ರೂ ನಡಿಯುತ್ತೆ. ಆಮೇಲೆ ಪೆನ್‌ಡ್ರೈವ್‌ಗೆ ಮೂವ್ ಮಾಡಿ.

ಯಶವಂತಪುರ_ಯುನಿಕ್ಸ್

ಅಲ್ಲೇ ಎಡವೋದು. ರೀನೇಮ್ ಕರೆ ಒಂದೇ ಫೈಲ್‌ಸಿಸ್ಟಮ್‌ನೊಳಗೆ ಮಾತ್ರ ಕೆಲಸ ಮಾಡುತ್ತದೆ. /ಟಿಎಂಪಿಯಿಂದ ಪೆನ್‌ಡ್ರೈವ್‌ಗೆ ರೀನೇಮ್ ಮಾಡಿದರೆ ‘ಕ್ರಾಸ್-ಡಿವೈಸ್ ಲಿಂಕ್’ ಅಂತ ಎರರ್. ಎಂವಿ ಆಜ್ಞೆ, ಪೈಥಾನ್‌ನ ಷಟಿಲ್ ಮೂವ್ ಇವೆರಡೂ ಈ ಎರರ್ ಕಂಡರೆ ಸದ್ದಿಲ್ಲದೆ ಕಾಪಿ ಮಾಡಿ ಹಳೆಯದನ್ನು ಅಳಿಸುತ್ತವೆ. ಆ ಕಾಪಿಯ ನಡುವೆ ಪೆನ್‌ಡ್ರೈವ್ ಕಿತ್ತರೆ ಮೂಲ ಹೆಸರಿನಲ್ಲಿ ಅರ್ಧ ಫೈಲ್. ಟೆಂಪ್ ಬರೆದು ರೀನೇಮ್ ಮಾಡುವ ಉದ್ದೇಶವೇ ಅದನ್ನು ತಪ್ಪಿಸುವುದಾಗಿತ್ತು.

ಇನ್ನೊಂದು, ಫೆಡೋರಾದಲ್ಲಿ 2013ರಿಂದಲೇ /ಟಿಎಂಪಿ ಅಂದರೆ ಟೆಂಪ್‌ಎಫ್‌ಎಸ್, ಡೆಬಿಯನ್ 13ರಲ್ಲೂ ಹಾಗೇ. ಅದು ಮೆಮೊರಿಯಲ್ಲಿ ಕೂರುವಂಥದ್ದು, ಟೆಂಪ್‌ಎಫ್‌ಎಸ್‌ನ ಸಾಮಾನ್ಯ ಮಿತಿ ರ‍್ಯಾಮ್‌ನ ಅರ್ಧ. ಚಿತ್ರ ತುಂಬಿದ ಸಂಚಿಕೆ ಅಲ್ಲಿ ಹಿಡಿಸದೆ ಹೋಗಬಹುದು.

ಟೆಂಪ್ ಫೈಲ್ ಗುರಿ ಫೈಲ್‌ನ ಫೋಲ್ಡರ್‌ನಲ್ಲೇ ಇರಲಿ. ಅದರ ಹೆಸರಿಗೂ ಗುರಿಯ ಹೆಸರಿಗೂ ಸಂಬಂಧವೇ ಬೇಡ.

ಹಲಸೂರು_ಹೆಕ್ಸ್

ಆ ಸಂಬಂಧವಿಲ್ಲದ ಹೆಸರಿಗೆ ಒಂದು ಮಾದರಿ: ಸಣ್ಣಕ್ಷರದ ‘ಕೆಟಿ’ ಎರಡು ಅಕ್ಷರ, ಅಡ್ಡಗೆರೆ, ಇಂಗ್ಲಿಷಿನ ಎ-ಯಿಂದ-ಝಡ್ ಸಣ್ಣಕ್ಷರ ಮತ್ತು 2ರಿಂದ 7ರ ಅಂಕಿಗಳಲ್ಲಿ ಯಾದೃಚ್ಛಿಕವಾಗಿ 12, ಕೊನೆಗೆ .ಟಿಎಂಪಿ. ಒಟ್ಟು 19 ಬೈಟ್. 32 ಚಿಹ್ನೆ ಅಂದರೆ ಒಂದಕ್ಕೆ 5 ಬಿಟ್, 12ಕ್ಕೆ 60 ಬಿಟ್.

ಸಣ್ಣಕ್ಷರವೇ ಯಾಕೆ? ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ ಟೆಂಪ್ ಫೈಲ್ ಹುಟ್ಟಿಸುವ ಎಂಕೆಎಸ್‌ಟೆಂಪ್ ಕರೆ, ನಾವು ಕೊಟ್ಟ ಮಾದರಿಯ ಆರು ಎಕ್ಸ್‌ಗಳ ಜಾಗದಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಸೇರಿ 62 ಚಿಹ್ನೆ ಬಳಸುತ್ತದೆ. 62ರ ಆರನೇ ಘಾತ ಸುಮಾರು 5,680 ಕೋಟಿ. ಫ್ಯಾಟ್‌ಗೆ ದೊಡ್ಡದು ಸಣ್ಣದು ಒಂದೇ, ಅಲ್ಲಿ ಬೇರೆಬೇರೆಯಾಗಿ ಉಳಿಯುವುದು 36ರ ಆರನೇ ಘಾತ, ಸುಮಾರು 217 ಕೋಟಿ. ಇದು ಕೂಡ ಸಾಕಷ್ಟೇ. ಆದರೆ ಬಳಸಿದ ಹೆಸರುಗಳ ಪಟ್ಟಿಯನ್ನು ಪ್ರೋಗ್ರಾಂ ತನ್ನೊಳಗೆ ಇಟ್ಟುಕೊಂಡು ಹೋಲಿಸುತ್ತಿದ್ದರೆ ಅದರ ಪಾಲಿಗೆ ಎರಡಾಗಿರುವ ಹೆಸರು ಡಿಸ್ಕ್ ಪಾಲಿಗೆ ಒಂದೇ ಆಗಿರುತ್ತದೆ. ಪೈಥಾನ್‌ನ ಟೆಂಪ್‌ಫೈಲ್ ಈ ಗೊಡವೆಯೇ ಬೇಡ ಅಂತ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಬಳಸುತ್ತದೆ: 37 ಚಿಹ್ನೆ, 8 ಜಾಗ, ಸುಮಾರು 3.5 ಲಕ್ಷ ಕೋಟಿ.

ವಿಂಡೋಸ್‌ನ ಹಳೆಯ ಗೆಟ್‌ಟೆಂಪ್‌ಫೈಲ್‌ನೇಮ್ ಕರೆಯಿಂದ ದೂರ ಇರಿ. ಮೂರು ಅಕ್ಷರದ ಮುಂಬಾಲ (ಹೆಸರಿನ ಶುರುವಿಗೆ ಹಚ್ಚುವ ತುಣುಕು), ಆಮೇಲೆ ಹೆಕ್ಸ್ ಅಂಕಿ, 16 ಬಿಟ್ ಅಷ್ಟೇ. ಒಂದು ಮುಂಬಾಲಕ್ಕೆ 65,535 ಹೆಸರು. ಯಾರೂ ಅಳಿಸದೆ ಫೋಲ್ಡರ್ ತುಂಬಿದರೆ ಕರೆಯೇ ಸೋಲುತ್ತದೆ, ತುಂಬುವ ಹೊತ್ತಿಗೆ ಖಾಲಿ ಹೆಸರು ಹುಡುಕುವುದೇ ಆಮೆಗತಿಯಾಗಿರುತ್ತದೆ.

‘ಕೆಟಿ-’ ಮುಂಬಾಲದ ಕೆಲಸ ಬರೀ ಗುರುತಲ್ಲ. ಪೂರ್ತಿ ಯಾದೃಚ್ಛಿಕ ಹೆಸರು ಎಂದಾದರೊಂದು ದಿನ ಅಡ್ಡಗೆರೆಯಿಂದ ಶುರುವಾಗಿ ಯಾವುದೋ ಆಜ್ಞೆಗೆ ಆಪ್ಷನ್ ಥರ ಕಾಣಬಹುದು. ಚಿಕ್ಕದಾಗಿದ್ದರೆ ಕಾನ್, ಆಕ್ಸ್, ಪಿಆರ್‌ಎನ್, ನಲ್ ಥರದ ವಿಂಡೋಸ್‌ನ ಕಾದಿರಿಸಿದ ಹೆಸರೂ ಆಗಬಹುದು. ಕೊನೆಗೆ .ಟಿಎಂಪಿ ಹಚ್ಚಿದರೂ ಅವು ಕಾದಿರಿಸಿದವೇ.

ಕೋರಮಂಗಲ_ಕಂಟೇನರ್

ಯಾದೃಚ್ಛಿಕ ಯಾಕೆ, ಓಡ್ತಿರೋ ಪ್ರೋಗ್ರಾಂಗೆ ಸಿಸ್ಟಮ್ ಕೊಡೋ ಸಂಖ್ಯೆ, ಪ್ರೋಸೆಸ್ ಐಡಿ, ಹಾಕಿದ್ರೆ ಸಾಲದಾ?

ಹಲಸೂರು_ಹೆಕ್ಸ್

ನಿಮ್ಮ ಹೆಸರಲ್ಲೇ ಉತ್ತರ ಇದೆ. ಕಂಟೇನರ್‌ಗಳೊಳಗೆ (ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿ ಇಟ್ಟು ಓಡಿಸುವ ಡಬ್ಬಿಗಳು) ಎಲ್ಲರ ಐಡಿಯೂ 1, ಇಲ್ಲ 7. ಹಂಚಿಕೊಂಡ ಫೋಲ್ಡರ್‌ಗೆ ಎರಡು ಯಂತ್ರ ಬರೆದರೂ ಅದೇ ಕಥೆ.

ಎಸ್‌ಪಿರೋಡ್_ಸೆಕ್ಟರ್

ಹೆಸರಿನ ಆಕಾರದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೆಸರೊಳಗೆ ~1 ಥರ ಹಾಕಬೇಡಿ. ಫ್ಯಾಟ್‌ನಲ್ಲಿ, ಮತ್ತು 8.3 ಹೆಸರು (8 ಅಕ್ಷರ, ಚುಕ್ಕಿ, 3 ಅಕ್ಷರದ ಹಳೆಯ ಗಿಡ್ಡ ಹೆಸರು) ಚಾಲೂ ಇರುವ ಎನ್‌ಟಿಎಫ್‌ಎಸ್‌ನಲ್ಲಿ, ಉದ್ದ ಹೆಸರಿನ ಬೆನ್ನಿಗೆ ~1 ಹೊತ್ತ ಗಿಡ್ಡ ಹೆಸರೊಂದು ತಾನಾಗಿ ಹುಟ್ಟಿರುತ್ತದೆ. ಲಿಸ್ಟ್‌ನಲ್ಲಿ ಕಾಣದ ಹೆಸರಿಗೆ ‘ಫೈಲ್ ಆಗಲೇ ಇದೆ’ ಅಂತ ಎರರ್ ಬಂದರೆ ಗಿಡ್ಡ ಹೆಸರಿಗೆ ಡಿಕ್ಕಿ ಹೊಡೆದಿದ್ದೀರಿ.

ಅದೇ ಕಾರಣಕ್ಕೆ ಮುಂಬಾಲ ಚಿಕ್ಕದಿರಲಿ. ಮೈಕ್ರೋಸಾಫ್ಟ್ ಸ್ವತಃ ಹೇಳುವ ಮಾತು: ಒಂದು ಎನ್‌ಟಿಎಫ್‌ಎಸ್ ಫೋಲ್ಡರ್‌ನಲ್ಲಿ 3,00,000ಕ್ಕೂ ಹೆಚ್ಚು ಫೈಲ್ ಇದ್ದು, ಹೆಸರುಗಳ ಮೊದಲ ಆರು ಅಕ್ಷರ ಒಂದೇ ಥರ ಇದ್ದರೆ, ಗಿಡ್ಡ ಹೆಸರು ಹುಟ್ಟಿಸುವುದನ್ನು ನಿಲ್ಲಿಸಿ. ‘ಕೆಟಿ-’ ಮೂರೇ ಅಕ್ಷರ, ನಾಲ್ಕನೆಯದರಿಂದ ಬೇರೆ ಬೇರೆ, ಹಾಗಾಗಿ ಪರವಾಗಿಲ್ಲ.

ಫ್ಯಾಟ್32ರಲ್ಲಿ ಉದ್ದ ಹೆಸರಿಗೆ ಬೆಲೆಯೂ ಇದೆ. ಒಂದು ಫೋಲ್ಡರ್‌ಗೆ 32 ಬೈಟ್‌ನ 65,536 ನಮೂದು ಮಾತ್ರ. ಉದ್ದ ಹೆಸರಿನ ಪ್ರತಿ 13 ಅಕ್ಷರಕ್ಕೆ ಒಂದು ನಮೂದು, ಅದರ ಮೇಲೆ ಗಿಡ್ಡ ಹೆಸರಿನದು ಒಂದು. ಮೇಲಿನ 19 ಅಕ್ಷರದ ಟೆಂಪ್‌ಗೆ ಮೂರು ಸಾಕು. ನಿಮ್ಮ ಹಳೆಯ ಮಾದರಿಗೆ 70 ಅಕ್ಷರ, ಅಂದರೆ ಏಳು.

ಯಶವಂತಪುರ_ಯುನಿಕ್ಸ್

ಹೆಸರು ಮುಗಿಯಿತು, ಈಗ ಕ್ರಮ. ಗುರಿ ಸಿಮ್‌ಲಿಂಕ್ (ಬೇರೆ ಫೈಲ್‌ನ ದಾರಿ ತೋರಿಸುವ ಕೊಂಡಿ) ಆಗಿದ್ದರೆ ಮೊದಲು ಅದರ ನಿಜವಾದ ದಾರಿ ಹಿಡಿಯಿರಿ. ಇಲ್ಲದಿದ್ದರೆ ರೀನೇಮ್ ಲಿಂಕನ್ನೇ ತಿಂದುಹಾಕುತ್ತದೆ, ಮೂಲ ಫೈಲ್ ಹಳೆಯದಾಗಿಯೇ ಬೇರೆಲ್ಲೋ ಉಳಿಯುತ್ತದೆ.

ಟೆಂಪ್ ತೆರೆಯುವಾಗ ಓ-ಕ್ರಿಯೇಟ್ (ಹೊಸದಾಗಿ ಹುಟ್ಟಿಸು) ಮತ್ತು ಓ-ಎಕ್ಸ್‌ಕ್ಲ್ (ಆಗಲೇ ಇದ್ದರೆ ಎರರ್ ಕೊಡು) ಎರಡೂ ಒಟ್ಟಿಗೆ ಇರಲೇಬೇಕು. ‘ಇದೆಯಾ ಅಂತ ನೋಡು, ಇಲ್ಲದಿದ್ದರೆ ತೆರೆ’ ಅನ್ನುವ ಎರಡು ಹೆಜ್ಜೆಯ ನಡುವೆ ಇನ್ನೊಬ್ಬರು ಅದೇ ಹೆಸರಿನಲ್ಲಿ ಸಿಮ್‌ಲಿಂಕ್ ಇಟ್ಟುಬಿಡಬಹುದು. ಹಳೆಯ ಎಂಕೆಟೆಂಪ್, ಟಿಎಂಪಿನ್ಯಾಮ್ ಕರೆಗಳು ಕೆಟ್ಟ ಹೆಸರು ತೆಗೆದುಕೊಂಡದ್ದು ಇದರಿಂದಲೇ. ‘ಆಗಲೇ ಇದೆ’ ಅಂತ ಬಂದರೆ ಹೊಸ ಯಾದೃಚ್ಛಿಕ ಹೆಸರು ಹಾಕಿ ಮತ್ತೆ ಪ್ರಯತ್ನ, ನೂರು ಸಲದವರೆಗೆ. ಬೇರೆ ಯಾವ ಎರರ್ ಬಂದರೂ ಅಲ್ಲೇ ನಿಲ್ಲಿಸಿ ಬಳಕೆದಾರರಿಗೆ ಹೇಳಿ. ಓದಲು ಮಾತ್ರ ಅನುಮತಿ ಇರುವ ಫೋಲ್ಡರ್‌ನಲ್ಲಿ ನೂರು ಸಲ ಬಾಗಿಲು ಬಡಿದು ಪ್ರಯೋಜನವಿಲ್ಲ.

ಬರೆದಾದ ಮೇಲೆ ಫ್ಲಶ್, ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೇ ಇಳಿಸುವ ಕರೆ), ಕ್ಲೋಸ್, ರೀನೇಮ್, ಲಿನಕ್ಸ್‌ನಲ್ಲಾದರೆ ಕೊನೆಗೆ ಫೋಲ್ಡರ್‌ಗೂ ಒಂದು ಎಫ್‌ಸಿಂಕ್. ಎಫ್‌ಸಿಂಕ್ ಬಿಟ್ಟು ರೀನೇಮ್ ಮಾಡಿದರೆ ಕರೆಂಟ್ ಹೋದಾಗ ಹೊಸ ಹೆಸರಿನಲ್ಲಿ ಸೊನ್ನೆ ಬೈಟ್ ಸಿಗಬಹುದು. 2009ರಲ್ಲಿ ಇಎಕ್ಸ್‌ಟಿ4 ಬಗ್ಗೆ ದೊಡ್ಡ ಗಲಾಟೆ ಆದದ್ದು ಇದಕ್ಕೇ. ಆಮೇಲೆ ಕರ್ನಲ್ 2.6.30ರಲ್ಲಿ ರೀನೇಮ್‌ಗೆ ಮುಂಚೆ ಡೇಟಾ ಇಳಿಸುವ ಜಾಣತನ ಸೇರಿಸಿದರು. ಅದು ಇಎಕ್ಸ್‌ಟಿ4ರ ಸೌಜನ್ಯ, ಪೆನ್‌ಡ್ರೈವ್‌ನಿಂದ ಅದನ್ನು ನಿರೀಕ್ಷಿಸಬೇಡಿ.

ಚಾಮರಾಜಪೇಟೆ_ಪ್ರೂಫ್

ಈ ಕ್ರಮ ಹಾಕಿ ನೋಡಿದೆ ಸಾರ್. ಪೆನ್‌ಡ್ರೈವ್‌ನಲ್ಲಿ ಟೆಂಪ್ ಹುಟ್ಟುತ್ತದೆ, ಆದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂತ ನಿಲ್ಲುತ್ತದೆ. ಹಂಚಿಕೊಂಡ ಫೋಲ್ಡರ್‌ನಲ್ಲಿ ಸೇವ್ ಆಗುತ್ತದೆ, ಆಮೇಲೆ ಉಳಿದವರಿಗೆ ಆ ಫೈಲ್ ತೆರೆಯುವುದೇ ಇಲ್ಲ. ಪರ್ಮಿಷನ್ ನಕಲು ಮಾಡುವ ಒಂದು ಸಾಲು ರೀನೇಮ್‌ಗೆ ಮೊದಲು ಇದೆ. ಅದು ಮಾಲೀಕತ್ವವನ್ನು ಮೊದಲು ಬದಲಿಸಲು ನೋಡುತ್ತದೆ, ಆಗದಿದ್ದರೆ ಎರರ್ ನುಂಗಿ ಅಲ್ಲಿಗೇ ಬಿಡುತ್ತದೆ.

ಎಸ್‌ಪಿರೋಡ್_ಸೆಕ್ಟರ್

ಎರಡೂ ಆ ಸಾಲಿನದೇ. ಎಂಕೆಎಸ್‌ಟೆಂಪ್ ಫೈಲನ್ನು 0600ರಲ್ಲಿ ಹುಟ್ಟಿಸುತ್ತದೆ, ಮಾಲೀಕನಿಗೆ ಮಾತ್ರ. ಮಾಲೀಕತ್ವ ಬದಲಿಸುವುದು ಸಾಮಾನ್ಯ ಬಳಕೆದಾರನಿಂದ ಆಗುವ ಕೆಲಸವಲ್ಲ, ಅಲ್ಲಿಗೇ ಬಿಟ್ಟದ್ದರಿಂದ 0644 (ಎಲ್ಲರೂ ಓದಬಹುದು) ಇದ್ದ ಮೂಲ ರೀನೇಮ್ ಆದ ಮೇಲೆ 0600 ಆಗಿ ಕೂತಿತು. ಹಾಗಾಗಿ ರೀನೇಮ್‌ಗೆ ಮುಂಚೆ ಮೂಲದ ಮೋಡ್ (ಪರ್ಮಿಷನ್ ಸಂಖ್ಯೆ) ಓದಿ, ಎಫ್‌ಚ್‌ಮೋಡ್ ಕರೆಯಿಂದ ಅದನ್ನೇ ಟೆಂಪ್‌ಗೆ ಹಚ್ಚಿ, ಮಾಲೀಕತ್ವವನ್ನು ಬೇರೆಯಾಗಿ ಪ್ರಯತ್ನಿಸಿ.

ಫ್ಯಾಟ್‌ನಲ್ಲಿ ಮೋಡ್ ಇಡಲು ಜಾಗವೇ ಇಲ್ಲ, ‘ಓದಲು ಮಾತ್ರ’ ಅನ್ನುವ ಒಂದೇ ಬಿಟ್. ಕಾಣುವ ಮೋಡ್ ಮೌಂಟ್ ಮಾಡುವಾಗ (ಡಿಸ್ಕನ್ನು ಸಿಸ್ಟಮ್‌ಗೆ ಜೋಡಿಸುವಾಗ) ಕೊಟ್ಟ ಮಾಸ್ಕ್‌ನಿಂದ ಬಂದದ್ದು. ಅದಕ್ಕೆ ಹೊಂದದ ಮೋಡ್ ಕೇಳಿದರೆ ನಾಟ್ ಪರ್ಮಿಟೆಡ್. ಈ ಎರರ್ ಮತ್ತು ‘ಬೆಂಬಲವಿಲ್ಲ’ ಅನ್ನುವ ಎರರ್, ಎರಡನ್ನೂ ಮೋಡ್, ಮಾಲೀಕತ್ವ, ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಮೂರರ ವಿಷಯದಲ್ಲೂ ಲಾಗ್‌ಗೆ ಬರೆದು ಮುಂದೆ ಹೋಗಿ. ಬರೆಯುವಾಗ, ಎಫ್‌ಸಿಂಕ್‌ನಲ್ಲಿ, ರೀನೇಮ್‌ನಲ್ಲಿ ಬರುವ ಎರರ್‌ಗಳನ್ನು ಮಾತ್ರ ಖಂಡಿತ ನುಂಗಬೇಡಿ.

ಆಜ್ಞಾಸಾಲಿನಿಂದ ಪೆನ್‌ಡ್ರೈವ್ ಮೌಂಟ್ ಮಾಡಿದರೆ ಕನ್ನಡ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡಾವು. ವಿಫ್ಯಾಟ್‌ಗೆ ‘ಯುಟಿಎಫ್8’ ಆಪ್ಷನ್ ಕೊಡಿ. ‘ಐಒಚಾರ್‌ಸೆಟ್=ಯುಟಿಎಫ್8’ ಅನ್ನುವ ಇನ್ನೊಂದಿದೆ, ಅದು ಬೇಡ ಅಂತ ಕರ್ನಲ್ ದಾಖಲೆಯೇ ಹೇಳುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಕ್ಲಿಕ್ಕಿಸಿ ತೆರೆದಾಗ ಯುಡಿಸ್ಕ್ಸ್ ಸರಿಯಾದದ್ದನ್ನೇ ಹಾಕಿರುತ್ತದೆ.

ಮಲ್ಲೇಶ್ವರ_ಮಾತ್ರೆ

ಗುರಿ ಹೆಸರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಬಿಡಿಸಿ ಇಡುತ್ತಿತ್ತು. ಕನ್ನಡದ ೀ, ೇ, ೈ, ೊ ಪ್ರತಿಯೊಂದೂ ಎರಡಾಗಿ ಒಡೆಯುತ್ತದೆ, ೋ ಮಾತ್ರ ಮೂರಾಗಿ. ‘ರಾಜ್ಯೋತ್ಸವ’ದ ಒಂದು ಓಕಾರದಿಂದ ನಿಮ್ಮ 120 ಬೈಟ್ 126 ಆಯಿತು. ಆ ಡಿಸ್ಕ್‌ನಿಂದ ಲಿನಕ್ಸ್‌ಗೆ ಬಂದ ಫೈಲ್ ಕಣ್ಣಿಗೆ ಅದೇ ಹೆಸರು, ಬೈಟ್‌ಗಳು ಬೇರೆ. ಇಎಕ್ಸ್‌ಟಿ4 ಬೈಟ್ ಮಾತ್ರ ನೋಡುವುದರಿಂದ ಎರಡೂ ಪಕ್ಕಪಕ್ಕ ಕೂರುತ್ತವೆ. ಎಡಿಟರ್ ತೆರೆದಾಗ ಸಿಕ್ಕ ಹೆಸರಿನ ಬೈಟ್‌ಗಳನ್ನೇ ಇಟ್ಟುಕೊಂಡು ರೀನೇಮ್‌ಗೆ ಅದನ್ನೇ ಕೊಡಬೇಕು. ‘ಶುದ್ಧಗೊಳಿಸಲು’ ಹೋದರೆ ಹಳೆಯದು ಹಾಗೇ ಉಳಿದು ಪಕ್ಕದಲ್ಲಿ ಎರಡನೆಯದು ಹುಟ್ಟುತ್ತದೆ.

ಕಾಣದ ಜೋಡಕಗಳದ್ದೂ ಇದೇ ಪಾಡು. ‘ಫೈಲ್‌ಗಳು’ ಪದದಲ್ಲಿ ಲ್ ಆದಮೇಲೆ ಒತ್ತು ಬೀಳದಂತೆ ತಡೆಯುವ ಕಾಣದ ಅಕ್ಷರವೊಂದಿದೆ, ಅದಕ್ಕೂ 3 ಬೈಟ್. ಅರ್ಕಾವೊತ್ತು ಬೇಡವೆಂದು ರ‍್ಯ ಬರೆಯುವಾಗಲೂ ಒಂದು. ಎಚ್‌ಎಫ್‌ಎಸ್ ಪ್ಲಸ್ ಹೋಲಿಸುವಾಗ ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ತುರ್ತು ತಿದ್ದುಪಡಿ ಬಂದದ್ದು ಇದಕ್ಕೇ, .ಗಿಟ್ ಹೆಸರಿನ ನಡುವೆ ಇಂಥದ್ದೊಂದು ತೂರಿಸಿ ಕಾವಲು ತಪ್ಪಿಸಬಹುದಿತ್ತು.

ಹಲಸೂರು_ಹೆಕ್ಸ್

ವಿಂಡೋಸ್‌ನಲ್ಲಿ ರೀನೇಮ್‌ಗೆ ಪೈಥಾನ್‌ನ ಓಎಸ್ ರಿಪ್ಲೇಸ್ ಬಳಸಿ, ಬರೀ ಓಎಸ್ ರೀನೇಮ್ ಅಲ್ಲಿ ಗುರಿ ಫೈಲ್ ಇದ್ದರೆ ಸೋಲುತ್ತದೆ. ಟೆಂಪ್ ಕ್ಲೋಸ್ ಆಗಿರಲೇಬೇಕು. ಆದರೂ ‘ಆಕ್ಸೆಸ್ ಡಿನೈಡ್’ ಬಂದರೆ ಬಹುಮಟ್ಟಿಗೆ ಆಂಟಿವೈರಸ್ ಅಥವಾ ಇಂಡೆಕ್ಸರ್ ಹೊಸ ಫೈಲನ್ನು ಹಿಡಿದುಕೊಂಡಿದೆ. 50 ಮಿಲಿಸೆಕೆಂಡ್‌ನಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತ ಐದಾರು ಸಲ ಪ್ರಯತ್ನಿಸಿ.

ಚಾಮರಾಜಪೇಟೆ_ಪ್ರೂಫ್

ಪ್ರೋಗ್ರಾಂ ನಡುವೆ ಸತ್ತರೆ ಉಳಿಯುವ ‘ಕೆಟಿ-’ ಫೈಲ್‌ಗಳನ್ನು ಒಂದು ಗಂಟೆ ಕಳೆದ ಮೇಲೆ ಅಳಿಸಬಹುದಾ?

ಎಸ್‌ಪಿರೋಡ್_ಸೆಕ್ಟರ್

ಒಂದು ಗಂಟೆ ಬೇಡ, 24 ಇಡಿ. ಫ್ಯಾಟ್‌ನಲ್ಲಿ ಸಮಯ ಸ್ಥಳೀಯ ಗಡಿಯಾರದ್ದು, ಟೈಮ್‌ಝೋನ್ ಬರೆದಿರುವುದಿಲ್ಲ. ಒಂದು ಯಂತ್ರ ಯುಟಿಸಿ ಸಮಯವೆಂದು ಬರೆದು, ಇನ್ನೊಂದು ಬೆಂಗಳೂರಿನ ಸಮಯ ಎಂದು ಓದಿದರೆ ಐದೂವರೆ ಗಂಟೆ ಆಚೀಚೆ. ಈಗಷ್ಟೇ ಹುಟ್ಟಿದ ಫೈಲ್ ಐದೂವರೆ ಗಂಟೆ ಹಳೆಯದಾಗಿ ಕಂಡು, ಇನ್ನೊಬ್ಬರ ಸೇವ್ ನಡೆಯುವಾಗಲೇ ಅಳಿಸಿಹೋಗುತ್ತದೆ. ಮೌಂಟ್‌ನಲ್ಲಿ ಟೈಮ್-ಆಫ್‌ಸೆಟ್ 330 ನಿಮಿಷ ಕೊಟ್ಟು ಸರಿಮಾಡಬಹುದು, ಆದರೆ ಬಳಕೆದಾರರ ಮೌಂಟ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅಳಿಸುವಾಗ ಮುಂಬಾಲ, 12 ಅಕ್ಷರ, .ಟಿಎಂಪಿ ಮೂರೂ ಹೊಂದಿದರೆ ಮಾತ್ರ ಅಳಿಸಿ. ನಕ್ಷತ್ರ ಹಾಕಿದ ಸಡಿಲ ಮಾದರಿ ಬೇಡ. ಎನ್‌ಎಫ್‌ಎಸ್ ಫೋಲ್ಡರ್‌ನಲ್ಲಿ .ಎನ್‌ಎಫ್‌ಎಸ್ ಅಂತ ಶುರುವಾಗುವವನ್ನು ಮುಟ್ಟಬೇಡಿ. ಯಾರೋ ತೆರೆದಿಟ್ಟ ಫೈಲನ್ನು ಅಳಿಸಿದಾಗ ಕ್ಲೈಂಟ್ ಇಟ್ಟ ತಾತ್ಕಾಲಿಕ ಹೆಸರು ಅದು. ಅಳಿಸಿದಷ್ಟೂ ಮತ್ತೆ ಬರುತ್ತದೆ, ತೆರೆದವರು ಮುಚ್ಚಿದರೆ ತಾನೇ ಹೋಗುತ್ತದೆ.

ಕೋರಮಂಗಲ_ಕಂಟೇನರ್

ಲಿನಕ್ಸ್ 3.11ರಿಂದ ಓ-ಟಿಎಂಪಿಫೈಲ್ ಇದೆಯಲ್ಲ, ಹೆಸರೇ ಇಲ್ಲದ ಟೆಂಪ್. ಪ್ರೋಗ್ರಾಂ ಸತ್ತರೆ ಕಸವೂ ಉಳಿಯಲ್ಲ.

ಯಶವಂತಪುರ_ಯುನಿಕ್ಸ್

ಚೆನ್ನಾಗಿದೆ, ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಟೆಂಪ್‌ಎಫ್‌ಎಸ್‌ನಲ್ಲಿ ನಡೆಯುತ್ತದೆ. ಫ್ಯಾಟ್, ಎಕ್ಸ್‌ಫ್ಯಾಟ್, ಎನ್‌ಎಫ್‌ಎಸ್‌ನಲ್ಲಿ ಇಲ್ಲ. ಇವರ ತೊಂದರೆ ಇರುವುದೇ ಅಲ್ಲಿ. ಅದೂ ಅಲ್ಲದೆ ಕೊನೆಗೆ ಹೆಸರು ಕೊಡುವ ಲಿಂಕ್‌ಅಟ್ ಕರೆ ಇರುವ ಫೈಲ್‌ನ ಮೇಲೆ ಕೂರುವುದಿಲ್ಲ, ಆಗಲೂ ಒಂದು ಟೆಂಪ್ ಹೆಸರು ಕೊಟ್ಟು ರೀನೇಮ್ ಮಾಡಲೇಬೇಕು.

ಚಾಮರಾಜಪೇಟೆ_ಪ್ರೂಫ್

ಕೊನೆಯದು. ಇಷ್ಟು ಫೈಲ್‌ಸಿಸ್ಟಮ್‌ಗಳಲ್ಲಿ ಪರೀಕ್ಷೆ ಮಾಡೋಕೆ ಅಷ್ಟೊಂದು ಪೆನ್‌ಡ್ರೈವ್ ಕೊಳ್ಳಬೇಕಾ?

ಎಸ್‌ಪಿರೋಡ್_ಸೆಕ್ಟರ್

ಬೇಡ ಬಿಡಿ, ಅಂಗಡಿಯವರಿಗೆ ಬೇಜಾರಾಗಲಿ. ಟ್ರಂಕೇಟ್ ಆಜ್ಞೆಯಿಂದ 64 ಎಂಬಿಯ ಖಾಲಿ ಫೈಲ್ ಮಾಡಿ, ಅದರ ಮೇಲೆ ಎಂಕೆಎಫ್‌ಎಸ್‌ನಿಂದ ಫ್ಯಾಟ್32 ಹಾಕಿ, ಲೂಪ್ ಮತ್ತು ಯುಟಿಎಫ್8 ಆಪ್ಷನ್ ಕೊಟ್ಟು ಮೌಂಟ್ ಮಾಡಿ. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್‌ಗೂ ಹೀಗೇ. ಎನ್‌ಟಿಎಫ್‌ಎಸ್‌ಗೆ ‘ವಿಂಡೋಸ್-ನೇಮ್ಸ್’ ಆಪ್ಷನ್ ಸೇರಿಸಿ, ಇಲ್ಲದಿದ್ದರೆ ಲಿನಕ್ಸ್ ಕೋಲನ್ ಇರುವ ಹೆಸರನ್ನೂ ಬರೆದುಬಿಡುತ್ತದೆ, ಪರೀಕ್ಷೆ ಸುಳ್ಳೇ ಪಾಸಾಗುತ್ತದೆ.

ಪ್ರತಿಯೊಂದರಲ್ಲೂ ನಾಲ್ಕು ಗುರಿ ಹೆಸರು ಸಾಕು: ಸರಿಯಾಗಿ 255 ಬೈಟ್‌ನ ಕನ್ನಡ ಹೆಸರು, ಓಕಾರ ಒಡೆದು ಬರೆದ ಹೆಸರು, ಕಾಣದ ಜೋಡಕ ಇರುವ ಹೆಸರು, ಬರೀ ಸ್ತ್ರೀ. 64 ಎಂಬಿಗಿಂತ ದೊಡ್ಡ ಡೇಟಾ ಬರೆಯಲು ಬಿಟ್ಟು ಜಾಗ ಮುಗಿದಾಗ ಮೂಲ ಫೈಲ್ ಹಾಗೇ ಇದೆಯಾ ನೋಡಿ. ಬರೆಯುವ ನಡುವೆ ಕಿಲ್ -9 ಹೊಡೆದು (ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಂದು) ಮತ್ತೆ ನೋಡಿ.

ಪೆನ್‌ಡ್ರೈವ್ ಕಿತ್ತುಹಾಕುವ ಪರೀಕ್ಷೆಗೆ ಮಾತ್ರ ನಿಜವಾದದ್ದೊಂದು ಬೇಕು. ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳ ಮುಂಗಡ ದಾಖಲೆ) ಇಲ್ಲ, ರೀನೇಮ್‌ನ ಮಧ್ಯೆ ಕಿತ್ತರೆ ಹಳೆಯ ನಮೂದು, ಹೊಸ ನಮೂದು ಎರಡೂ ಒಂದೇ ಕ್ಲಸ್ಟರ್ ಸರಪಳಿಯನ್ನು ತೋರಿಸುತ್ತ ಉಳಿಯಬಹುದು. ಹಾಗಾಗಿ ಫ್ಯಾಟ್ ಎಂದು ಗೊತ್ತಾದರೆ ಮೂಲದ ಒಂದು ಪ್ರತಿಯನ್ನು ‘ಕೆಟಿ-’ ಬದಲು ಬೇರೆ ಮುಂಬಾಲದಲ್ಲಿ ಇಟ್ಟು, ಮುಂದಿನ ಸಲ ಫೈಲ್ ಸರಿಯಾಗಿ ತೆರೆದ ಮೇಲೆ ಅಳಿಸಿ.